1.2 ಲಕ್ಷದೊಳಗೆ ಒಳ್ಳೆಯ ಹ್ಯಾಂಡ್‌ಹೆಲ್ಡ್ ಗೇಮಿಂಗ್ ಪಿಸಿ: ಬಳಸಿದವರು ಹೇಳಿ

ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಊರು ಹುಬ್ಬಳ್ಳಿ, ಕೆಲಸ ಬೆಂಗಳೂರಿನಲ್ಲಿ. ತಿಂಗಳಿಗೆ ಎರಡು ಸಲ ರೈಲಿನಲ್ಲಿ ಓಡಾಟ. ಮನೆಯಲ್ಲಿ ಚಿಕ್ಕ ಮಗು ಇದೆ. ರಾತ್ರಿ ಹತ್ತರ ಮೇಲೆ ಒಂದು ಗಂಟೆ ಆಡಲು ಸಿಕ್ಕರೆ ಅದೇ ದೊಡ್ಡದು. ಮೇಜಿನ ಮುಂದೆ ಕೂರಲು ಆಗುತ್ತಿಲ್ಲ ಅಂತ ಹಳೆಯ ಡೆಸ್ಕ್‌ಟಾಪ್ ಮಾರಿಬಿಟ್ಟೆ. ಈಗ ಕೈಯಲ್ಲೇ ಹಿಡಿದು ಆಡುವ ಪುಟ್ಟ ಪಿಸಿ ಬೇಕು. ಎಕ್ಸ್‌ಬಾಕ್ಸ್ ಆಲೈ ಎಕ್ಸ್, ಲೀಜನ್ ಗೋ 2, ಎಂಎಸ್‌ಐ ಕ್ಲಾ 8, ಸ್ಟೀಮ್ ಡೆಕ್ ಓಎಲ್‌ಇಡಿ ನಡುವೆ ಒದ್ದಾಡುತ್ತಿದ್ದೇನೆ. ಕಥೆ ಇರುವ ದೊಡ್ಡ ಗೇಮ್‌ಗಳೇ ಜಾಸ್ತಿ, ಆಗಾಗ ಗೆಳೆಯರ ಜೊತೆ ಫೋರ್ಟ್‌ನೈಟ್. ತಿಂಗಳುಗಟ್ಟಲೆ ಬಳಸಿದವರು ಹೇಳಿದರೆ ಉಪಕಾರ.

ಮೈಸೂರಿನಿಂದ:

ಮೊದಲ ಆಲೈ 2023ರ ಜುಲೈನಲ್ಲಿ ಭಾರತಕ್ಕೆ ಬಂದಾಗ 69,990 ಕೊಟ್ಟು ತಗೊಂಡವನು ನಾನು. ಆಮೇಲೆ ಲೀಜನ್ ಗೋ, ಈಗ ಎಕ್ಸ್‌ಬಾಕ್ಸ್ ಆಲೈ ಎಕ್ಸ್. ಮೂರು ಬಳಸಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ. ಚಿಪ್ ಯಾವುದು ಅಂತ ಕೊನೆಗೆ ನೋಡಿ. ಮೊದಲು ಬ್ಯಾಟರಿ ಮತ್ತು ತೂಕ ನೋಡಿ.

ಲೆಕ್ಕ ಸುಲಭ. ಹೆಚ್ಚು ಶಕ್ತಿಯ ಟರ್ಬೊ ಮೋಡ್‌ನಲ್ಲಿ ಚಿಪ್ ಒಂದೇ 25 ವ್ಯಾಟ್ ಎಳೆಯುತ್ತದೆ. ಸ್ಕ್ರೀನ್, ಫ್ಯಾನ್, ವೈಫೈ ಎಲ್ಲ ಸೇರಿದರೆ 35ರ ಹತ್ತಿರ. ಮೊದಲ ಆಲೈ ಬ್ಯಾಟರಿ 40 ವ್ಯಾಟ್ ಅವರ್ (40 ವ್ಯಾಟ್ ಎಳೆದರೆ ಒಂದು ಗಂಟೆ ಬರುವಷ್ಟು), ಅಂದರೆ ಇಲ್ಲಿ ಒಂದು ಗಂಟೆ ಚಿಲ್ಲರೆ. ಆಲೈ ಎಕ್ಸ್‌ನಲ್ಲಿ 80 ಇದೆ. ಅದೇ ಗೇಮ್, ಅದೇ ಮೋಡ್, ಎರಡು ಗಂಟೆ ದಾಟುತ್ತದೆ. ಚಿಪ್ಪನ್ನು 15 ವ್ಯಾಟ್‌ಗೆ ಇಳಿಸಿದರೆ ಮೂರು ಗಂಟೆಗೂ ಮೇಲೆ. ಲೀಜನ್ ಗೋ 2ರಲ್ಲಿ 74, ಕ್ಲಾ 8 ಎಐ ಪ್ಲಸ್‌ನಲ್ಲಿ 80, ಸ್ಟೀಮ್ ಡೆಕ್ ಓಎಲ್‌ಇಡಿಯಲ್ಲಿ 50. ಆದರೆ ಡೆಕ್‌ನ ಚಿಪ್ 15 ವ್ಯಾಟ್ ಮೀರುವುದೇ ಇಲ್ಲ, ಹಾಗಾಗಿ 50 ಅಂತ ಕಡೆಗಣಿಸಬೇಡಿ.

ಇನ್ನು ತೂಕ. ಡೆಕ್ ಓಎಲ್‌ಇಡಿ 640 ಗ್ರಾಂ, ಎಕ್ಸ್‌ಬಾಕ್ಸ್ ಆಲೈ ಎಕ್ಸ್ 715, ಕ್ಲಾ 795, ಲೀಜನ್ ಗೋ 2 ಕಂಟ್ರೋಲರ್ ಸೇರಿ 920. ಕಾಗದದ ಮೇಲೆ ಇದು ಬರೀ ಇನ್ನೂರು ಮುನ್ನೂರು ಗ್ರಾಂ. ಮಲಗಿಕೊಂಡು ಎದೆಯ ಮೇಲೆ ಹಿಡಿದು ನಲವತ್ತು ನಿಮಿಷ ಆಡಿದಾಗ ಗೊತ್ತಾಗುತ್ತದೆ. ನನ್ನ ಲೀಜನ್ ಗೋ 854 ಗ್ರಾಂ ಇತ್ತು. ಅದರ 8.8 ಇಂಚಿನ ಸ್ಕ್ರೀನ್ ಎಷ್ಟು ಚೆನ್ನಾಗಿತ್ತು ಅಂದರೆ ಈಗಲೂ ನೆನಪಾಗುತ್ತದೆ. ಆದರೆ ನಾನು ಆಡುವುದು ಮಂಚದ ಮೇಲೆ. ಮೇಜಿನ ಮೇಲೆ ನಿಲ್ಲಿಸಿ, ಕಂಟ್ರೋಲರ್ ಬಿಚ್ಚಿ ಆಡುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಸ್ಕ್ರೀನಿನ ರೆಸಲ್ಯೂಶನ್ ಜಾಸ್ತಿ ಇದ್ದರೆ ಒಳ್ಳೆಯದು ಅಂತ ನಾನೂ ನಂಬಿದ್ದೆ. ಡೆಕ್‌ನ 1280x800 ಸ್ಕ್ರೀನಿನಲ್ಲಿ ಸುಮಾರು 10 ಲಕ್ಷ ಪಿಕ್ಸೆಲ್, ಮೊದಲ ಲೀಜನ್ ಗೋದ 2560x1600ರಲ್ಲಿ ಸುಮಾರು 41 ಲಕ್ಷ. ನಾಲ್ಕು ಪಟ್ಟು ಪಿಕ್ಸೆಲ್ ತುಂಬಿಸಲು ಚಿಪ್ ನಾಲ್ಕು ಪಟ್ಟು ದೊಡ್ಡದಿಲ್ಲ ಅಲ್ವಾ? ದೊಡ್ಡ ಗೇಮ್‌ಗಳಿಗೆ ರೆಸಲ್ಯೂಶನ್ ಇಳಿಸಲೇಬೇಕಾಯಿತು. ಲೀಜನ್ ಗೋ 2ರಲ್ಲಿ ಅದನ್ನು 1920x1200ಕ್ಕೆ ಇಳಿಸಿದ್ದಾರೆ. ಸರಿಯಾದ ನಿರ್ಧಾರ ಅಂತಲೇ ನನ್ನ ಅನಿಸಿಕೆ.

ಒಂದು ಉಪಾಯ. 120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ ಸ್ಕ್ರೀನಿನಲ್ಲಿ ಗೇಮನ್ನು ಸೆಕೆಂಡಿಗೆ 40 ಫ್ರೇಮ್‌ಗೆ (ಚಿತ್ರಕ್ಕೆ) ಕಟ್ಟಿಹಾಕಿ. 30 ಫ್ರೇಮ್‌ನಲ್ಲಿ ಒಂದೊಂದು ಚಿತ್ರಕ್ಕೆ 33 ಮಿಲಿಸೆಕೆಂಡ್, 60ರಲ್ಲಿ 17, 40ರಲ್ಲಿ 25. ಸರಿಯಾಗಿ ನಡುವೆ. ಕಣ್ಣಿಗೆ ನುಣುಪಾಗಿ ಕಾಣುತ್ತದೆ, ಬ್ಯಾಟರಿಯೂ ಉಳಿಯುತ್ತದೆ, ಫ್ಯಾನ್ ಸದ್ದೂ ಕಡಿಮೆ. ಮಗು ಪಕ್ಕದಲ್ಲೇ ಮಲಗಿದ್ದರೆ ಆ ಕೊನೆಯದು ಸಣ್ಣ ವಿಷಯ ಅಲ್ಲ.

ಡಲ್ಲಾಸ್‌ನಿಂದ:

ಡೆಕ್ ಓಎಲ್‌ಇಡಿ ಎರಡು ವರ್ಷದಿಂದ ನನ್ನ ಹತ್ತಿರ ಇದೆ. ನನಗೂ ಎರಡು ವರ್ಷದ ಮಗಳಿದ್ದಾಳೆ. ಅವಳು ಎದ್ದು ಅತ್ತರೆ ಪವರ್ ಬಟನ್ ಒಂದು ಸಲ ಒತ್ತಿ ಓಡುತ್ತೇನೆ. ಮಾರನೆಯ ದಿನ ಒತ್ತಿದರೆ ಬಿಟ್ಟ ಜಾಗದಲ್ಲೇ ಗೇಮ್ ನಿಂತಿರುತ್ತದೆ. ಶಕ್ತಿಯಲ್ಲಿ ಅದು ಹಿಂದೆ, ನಿಜ. ಆದರೆ ನಾನು ಈ ಎರಡು ವರ್ಷದಲ್ಲಿ ಮುಗಿಸಿದಷ್ಟು ಗೇಮ್ ಅದಕ್ಕೂ ಮುಂಚೆ ಐದು ವರ್ಷದಲ್ಲಿ ಮುಗಿಸಿರಲಿಲ್ಲ.

ಒಂದು ತೊಡಕು: ಡೆಕ್‌ನಲ್ಲಿರುವುದು ವಿಂಡೋಸ್ ಅಲ್ಲ, ಸ್ಟೀಮ್‌ಓಎಸ್. ಅಂದರೆ ಲಿನಕ್ಸ್. ಫೋರ್ಟ್‌ನೈಟ್ ಅದರಲ್ಲಿ ನಡೆಯುವುದಿಲ್ಲ, ವ್ಯಾಲೊರೆಂಟ್ ಕೂಡ ಇಲ್ಲ. ಚೀಟಿಂಗ್ ತಡೆಯುವ ಅವರ ಸಾಫ್ಟ್‌ವೇರ್ ಲಿನಕ್ಸನ್ನು ಒಪ್ಪುವುದಿಲ್ಲ. ಫೋರ್ಟ್‌ನೈಟ್ ಬಿಡಲು ಆಗದಿದ್ದರೆ ವಿಂಡೋಸ್ ಇರುವುದನ್ನೇ ತಗೊಳ್ಳಿ.

ಮಂಗಳೂರಿನಿಂದ:

ಮೇಲಿನವರ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಡೆಕ್ ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕಿಲ್ಲ. ಹೊರಗಿನಿಂದ ತರಿಸಿ ಮಾರುವವರು ಇದ್ದಾರೆ. ನಾನು ಹಾಗೆ ತರಿಸಿದ ಒಂದು ಹ್ಯಾಂಡ್‌ಹೆಲ್ಡ್ ತಗೊಂಡೆ, ಯಾವ ಬ್ರ್ಯಾಂಡ್ ಅನ್ನುವುದು ಮುಖ್ಯವಲ್ಲ. ಎಂಟನೆಯ ತಿಂಗಳಿಗೆ ಹೆಬ್ಬೆರಳಿನಿಂದ ಆಡಿಸುವ ಎಡಗಡೆಯ ಸ್ಟಿಕ್ ಮುಟ್ಟದಿದ್ದರೂ ತಾನಾಗಿಯೇ ಸರಿಯತೊಡಗಿತು. ಅಂಗಡಿಯವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಕೊನೆಗೆ ಮೊಬೈಲ್ ರಿಪೇರಿ ಮಾಡುವ ಹುಡುಗನೊಬ್ಬ ಹಾಲ್ ಎಫೆಕ್ಟ್ ಸ್ಟಿಕ್ ತರಿಸಿ ಹಾಕಿಕೊಟ್ಟ. ಅದು ಆಯಸ್ಕಾಂತದಿಂದ ಕೆಲಸ ಮಾಡುತ್ತದೆ, ಒಳಗೆ ಉಜ್ಜಿ ಸವೆಯುವ ಭಾಗ ಇಲ್ಲ. ನಿಮ್ಮ ಪಟ್ಟಿಯಲ್ಲಿರುವ ಲೀಜನ್ ಗೋ 2 ಮತ್ತು ಕ್ಲಾ 8 ಎರಡರಲ್ಲೂ ಇದು ಮೊದಲೇ ಇದೆ. ಲಕ್ಷ ರೂಪಾಯಿ ಹಾಕುವಾಗ ಇಲ್ಲಿಯ ಬಿಲ್, ಇಲ್ಲಿಯ ವಾರಂಟಿ ಇರಲೇಬೇಕು.

ಶಿವಮೊಗ್ಗದಿಂದ:

ಕ್ಲಾ 8 ಎಐ ಪ್ಲಸ್ ಬಳಸುತ್ತಿದ್ದೇನೆ. ಇಂಟೆಲ್ ಚಿಪ್, 32 ಜಿಬಿ ಮೆಮೊರಿ. ಕಡಿಮೆ ವ್ಯಾಟ್‌ನಲ್ಲಿ ಚೆನ್ನಾಗಿ ಓಡುತ್ತದೆ, 8 ಇಂಚಿನ ಸ್ಕ್ರೀನ್ ಹದವಾಗಿದೆ. ವಿಂಡೋಸ್‌ನಲ್ಲಿ ಸ್ಲೀಪ್ ನಂಬಿಕೊಂಡು ಬ್ಯಾಗಿಗೆ ಹಾಕಬೇಡಿ, ಒಳಗೇ ಎಚ್ಚರವಾಗಿ ಬಿಸಿಯಾಗಬಹುದು. ಪವರ್ ಬಟನ್‌ಗೆ ಹೈಬರ್ನೇಟ್ (ಇದ್ದದ್ದನ್ನು ಉಳಿಸಿಕೊಂಡು ಪೂರ್ತಿ ಆಫ್ ಆಗುವುದು) ಇಟ್ಟುಕೊಂಡರೆ ಚಿಂತೆ ಇಲ್ಲ. ಮತ್ತೆ ಶುರುವಾಗಲು ಸ್ವಲ್ಪ ಹೊತ್ತು ಬೇಕು, ಅಷ್ಟೇ.

ಕೇಳಿದವರು ಮತ್ತೆ:

ಎಲ್ಲರಿಗೂ ಮನಸಾರೆ ಧನ್ಯವಾದ. ಇವತ್ತು ಅಂಗಡಿಗೆ ಹೋಗಿ ಎರಡು ಹಿಡಿದು ನೋಡಿದೆ. ಇಪ್ಪತ್ತು ನಿಮಿಷ ನಿಂತೇ ಹಿಡಿದುಕೊಂಡಿದ್ದೆ, ಅಂಗಡಿಯ ಹುಡುಗ ಏನೂ ಅನ್ನಲಿಲ್ಲ. ಕ್ಲಾ ಸ್ಕ್ರೀನ್ ತುಂಬಾ ಇಷ್ಟವಾಯಿತು. ಆದರೆ ಆಲೈ ಎಕ್ಸ್‌ನ ಹಿಡಿಗಳು ಎಕ್ಸ್‌ಬಾಕ್ಸ್ ಕಂಟ್ರೋಲರ್ ಹಾಗೆ ಉದ್ದಕ್ಕಿವೆ, ಅಂಗೈ ತುಂಬುತ್ತದೆ. 715 ಗ್ರಾಂ ಅನ್ನಿಸಲೇ ಇಲ್ಲ. ಫೋರ್ಟ್‌ನೈಟ್ ಬಿಡಲು ಗೆಳೆಯರು ಒಪ್ಪುವುದಿಲ್ಲ, ಹಾಗಾಗಿ ವಿಂಡೋಸೇ ಸರಿ. ಆಲೈ ಎಕ್ಸ್ ಬುಕ್ ಮಾಡಿದೆ. ರೈಲಿಗೆ ಪವರ್ ಬ್ಯಾಂಕ್ ಯಾವ ಥರದ್ದು ಬೇಕು?

ಮೈಸೂರಿನಿಂದ:

ಒಳ್ಳೆಯದಾಯಿತು! ಟೈಪ್ ಸಿಯಲ್ಲಿ 65 ವ್ಯಾಟ್ ಪವರ್ ಡೆಲಿವರಿ ಅಂತ ಬರೆದಿರಬೇಕು. ಫೋನಿನ 20 ವ್ಯಾಟ್‌ನದು ಆಡುವಾಗ ಸಾಲುವುದಿಲ್ಲ. ಮುಂದೆ ಎಂದಾದರೂ ವಿಮಾನ ಹತ್ತಿದರೆ ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, 100 ವ್ಯಾಟ್ ಅವರ್ ಒಳಗಿರಲಿ. ವಂದೇ ಭಾರತ್‌ನಲ್ಲಾದರೆ ಸೀಟಿನ ಹತ್ತಿರವೇ ಪ್ಲಗ್ ಇದೆ, ಡಬ್ಬಿಯಲ್ಲಿ ಬರುವ ಚಾರ್ಜರ್ ಸಾಕು.