ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ನಿಂತುಹೋಗುವ ಹಳೆಯ ಎಂಜಿನ್: ವ್ಯಾಕ್ಯೂಮ್ ಸೋರಿಕೆಯೇ?

ಪ್ರಶ್ನೆ:
ನನ್ನದು ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಹಳೆಯ ಪೆಟ್ರೋಲ್ ಕಾರು. ತಣ್ಣಗಿದ್ದಾಗ ಎಂಜಿನ್ ಸರಿಯಾಗಿಯೇ ಚಾಲೂ ಆಗುತ್ತದೆ; ಬಿಸಿಯೇರಿದ ಬಳಿಕ ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ನಡುಗಿ ಆಫ್ ಆಗುತ್ತದೆ. ಚೋಕ್ (ಒಳಹೋಗುವ ಗಾಳಿಯನ್ನು ತಗ್ಗಿಸುವ ಗುಬ್ಬಿ) ತುಸು ಎಳೆದರೆ ಸುಧಾರಿಸಿಕೊಳ್ಳುತ್ತದೆ, ವೇಗವಾಗಿ ಓಡುವಾಗ ಯಾವ ತೊಂದರೆಯೂ ಇಲ್ಲ. ಕಾರ್ಬ್ಯುರೇಟರ್ ಬಿಚ್ಚಿ ಶುಚಿಗೊಳಿಸಿದ್ದಾಗಿದೆ. ಮತ್ತೆ ಅದನ್ನೇ ಬಿಚ್ಚಬೇಕೆ?

ಉತ್ತರ 1:
ಸದ್ಯಕ್ಕೆ ಬಿಚ್ಚಬೇಡಿ. ಚೋಕ್ ಎಳೆದಾಗ ಸುಧಾರಿಸುತ್ತದೆ ಎಂದರೆ ಮಿಶ್ರಣದಲ್ಲಿ ಪೆಟ್ರೋಲಿಗಿಂತ ಗಾಳಿಯ ಪಾಲು ಮಿತಿಮೀರಿದೆ ಎಂದೇ ಅರ್ಥ. ಐಡ್ಲಿಂಗ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) ಥ್ರಾಟಲ್ (ಗಾಳಿಯ ದಾರಿ ತೆರೆದು ಮುಚ್ಚುವ ಕವಾಟ) ಬಹುತೇಕ ಮುಚ್ಚಿದ್ದು ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಅಲ್ಪವಾಗಿರುವುದರಿಂದ, ಸಣ್ಣ ಬಿರುಕಿನಿಂದ ನುಸುಳುವ ಗಾಳಿಯೂ ಅಲ್ಲಿ ದೊಡ್ಡ ಪಾಲಾಗುತ್ತದೆ. ಥ್ರಾಟಲ್ ತೆರೆದೊಡನೆ ಅದು ಲೆಕ್ಕಕ್ಕೇ ಬರುವುದಿಲ್ಲ. ಐಡಲ್ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ರಂಧ್ರ) ಕಟ್ಟಿಕೊಂಡರೂ ಇದೇ ಲಕ್ಷಣ ಕಾಣಿಸಬಹುದಾದರೂ, ಶುಚಿಗೊಳಿಸಿದ್ದಾಗಿರುವುದರಿಂದ ಮೊದಲು ವ್ಯಾಕ್ಯೂಮ್ ಹೋಸ್‌ಗಳನ್ನು (ಎಂಜಿನ್ನಿನ ಹೀರುವಿಕೆಯನ್ನು ಇತರ ಭಾಗಗಳಿಗೆ ಒಯ್ಯುವ ಕೊಳವೆಗಳನ್ನು) ನೋಡುವುದು ಮೇಲು. ಎಂಜಿನ್ ಓಡುತ್ತಿರುವಾಗ ಒಂದೊಂದೇ ವ್ಯಾಕ್ಯೂಮ್ ಹೋಸನ್ನು ಮ್ಯಾನಿಫೋಲ್ಡಿನ (ಮಿಶ್ರಣವನ್ನು ಸಿಲಿಂಡರ್‌ಗಳಿಗೆ ಒಯ್ಯುವ ಕೊಳವೆಯ) ಬಳಿ ಇಕ್ಕಳದಿಂದ ಮೆಲ್ಲಗೆ ಹಿಸುಕಿ. ಯಾವುದನ್ನು ಹಿಸುಕಿದಾಗ ನಡುಕ ನಿಲ್ಲುತ್ತದೆಯೋ ಆ ಸಾಲಿನಲ್ಲೇ ಸೋರಿಕೆಯಿದೆ. (ಒಣಗಿದ ಹೋಸ್ ಹಿಸುಕಿದರೆ ಸೀಳಬಹುದು, ಅಂಥದ್ದನ್ನು ಹೇಗೂ ಬದಲಿಸಲೇಬೇಕು.) ಯಾವುದರಿಂದಲೂ ವ್ಯತ್ಯಾಸವಾಗದಿದ್ದರೆ ಕಾರ್ಬ್ಯುರೇಟರ್ ಅಡಿಯ ಗ್ಯಾಸ್ಕೆಟ್ (ಜೋಡಣೆಯಲ್ಲಿ ಸೋರಿಕೆ ತಡೆಯುವ ಪದರ) ಮೇಲೆ ಅನುಮಾನಪಡಿ. ಐಡಲ್ ಸ್ಕ್ರೂ ತಿರುಗಿಸಿ ಆರ್‌ಪಿಎಂ ಏರಿಸಿದರೆ ದೋಷ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ.

ಉತ್ತರ 2:
ಅದಕ್ಕೂ ಮೊದಲು ವ್ಯಾಕ್ಯೂಮ್ ಗೇಜ್ (ಹೀರುವಿಕೆ ಅಳೆಯುವ ಮಾಪಕ) ಜೋಡಿಸಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ಸುಸ್ಥಿತಿಯ ಎಂಜಿನ್ ಸಮುದ್ರಮಟ್ಟದಲ್ಲಿ ಸಾಮಾನ್ಯವಾಗಿ 17ರಿಂದ 21 ಇಂಚು ಪಾದರಸದಷ್ಟು ತೋರಿಸುತ್ತದೆ. ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು 1 ಇಂಚು ಕಳೆಯಬೇಕು. ಮುಳ್ಳು ಕೆಳಮಟ್ಟದಲ್ಲಿ ಸ್ಥಿರವಾಗಿ ನಿಂತ ಮಾತ್ರಕ್ಕೆ ಸೋರಿಕೆಯೆಂದು ತೀರ್ಮಾನಿಸಲಾಗದು, ಏಕೆಂದರೆ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ತಡವಾಗಿದ್ದರೂ ಹಾಗೆಯೇ ಕಾಣುತ್ತದೆ. ಮುಳ್ಳು ಒಂದೇ ಲಯದಲ್ಲಿ ಪದೇ ಪದೇ ಕುಸಿದರೆ ಯಾವುದೋ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ.

ಪ್ರಶ್ನೆ ಕೇಳಿದವರು:
ಮುಳ್ಳು ಸ್ಥಿರವಾಗಿದೆ, ಆದರೆ ಕೆಳಗಿದೆ. ಬ್ರೇಕ್ ಬೂಸ್ಟರಿನ (ಎಂಜಿನ್ನಿನ ಹೀರುವಿಕೆಯಿಂದ ಬ್ರೇಕ್ ಒತ್ತಲು ನೆರವಾಗುವ ಭಾಗದ) ಹೋಸ್ ಹಿಸುಕಿದೊಡನೆ ಅದು ಮೇಲೇರಿ ನಡುಕವೂ ನಿಂತಿತು. ಹೋಸ್ ಮಾತ್ರ ಬದಲಿಸಿದರೆ ಸಾಕೇ?

ಉತ್ತರ 3:
ಹೋಸನ್ನು ಬೂಸ್ಟರಿನ ಕಡೆ ಕಳಚಿ ಹೋಸಿನ ಬಾಯಿ ಮುಚ್ಚಿ ನೋಡಿ. ನಡುಕ ನಿಂತರೆ ಹೋಸ್ ಸರಿಯಿದ್ದು, ಬೂಸ್ಟರಿನ ಡಯಾಫ್ರಾಮ್ (ಒಳಗಿನ ರಬ್ಬರ್ ಪರದೆ) ಹರಿದಿರುವ ಸಾಧ್ಯತೆ ಹೆಚ್ಚು. ನಡುಕ ಮುಂದುವರಿದರೆ ಹೋಸ್‌ನಲ್ಲೇ ಬಿರುಕಿದೆ. ಬಳಿಕ ಹೋಸ್ ಮರಳಿ ಜೋಡಿಸಿ, ಎಂಜಿನ್ ಆಫ್ ಮಾಡಿ, ಪೆಡಲನ್ನು ಹಲವು ಬಾರಿ ಒತ್ತಿ, ಒತ್ತಿಹಿಡಿದೇ ಸ್ಟಾರ್ಟ್ ಮಾಡಿ: ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಕೆಲಸ ಮಾಡುತ್ತಿಲ್ಲ. ಆಗ ಬ್ರೇಕ್ ಹಿಡಿಯಲು ಕಾಲಿನ ಬಲ ಬಹಳ ಹೆಚ್ಚು ಬೇಕಾಗುವುದರಿಂದ, ರಿಪೇರಿಯಾಗುವವರೆಗೆ ಕಾರನ್ನು ರಸ್ತೆಗಿಳಿಸಬೇಡಿ.