ಎಚ್‌ಪಿವಿ ಪಾಸಿಟಿವ್ ಬಂದಾಗ ಸೋಂಕು ಯಾರಿಂದ ಬಂತೆಂದು ಹೇಳಲು ಸಾಧ್ಯವೇ?

ಪ್ರಶ್ನೆ:
ನಾನು ಹಳ್ಳಿಗಳಲ್ಲಿ ಮಹಿಳೆಯರ ಆರೋಗ್ಯ ತಪಾಸಣೆಯ ಕೆಲಸ ಮಾಡುತ್ತೇನೆ. ಇತ್ತೀಚೆಗೆ ಒಬ್ಬ ವಿವಾಹಿತ ಮಹಿಳೆಯ ಗರ್ಭಕಂಠದ ಮಾದರಿಯಲ್ಲಿ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ಹ್ಯೂಮನ್ ಪ್ಯಾಪಿಲೋಮಾ ವೈರಸ್) ಪತ್ತೆಯಾಗಿದೆ. ಅವರ ಪತಿ ವರ್ಷದ ಬಹುಭಾಗ ದುಡಿಮೆಗಾಗಿ ಬೇರೆ ಊರಿನಲ್ಲಿರುತ್ತಾರೆ. ಇಬ್ಬರೂ ತಮಗೆ ಬೇರೆ ಸಂಬಂಧವಿಲ್ಲವೆಂದು ಹೇಳಿದರೂ ಮನೆಯವರ ಸಂಶಯ ತೀರಿಲ್ಲ. ಹೀಗೂ ಸೋಂಕು ಬರಲು ಸಾಧ್ಯವೇ? ಪತಿಯನ್ನೂ ಪರೀಕ್ಷೆಗೆ ಕಳುಹಿಸಬೇಕೇ? ಕಾಂಡೋಮ್ ಬಳಸಿದರೆ ಸಾಕಾಗುತ್ತದೆಯೇ?

ಉತ್ತರ 1:
ಖಂಡಿತ ಸಾಧ್ಯ. ಈ ವೈರಸ್ ಹರಡುವುದು ಮುಖ್ಯವಾಗಿ ಜನನಾಂಗದ ಚರ್ಮ ಹಾಗೂ ಒಳಪೊರೆಗಳ ನೇರ ಸಂಪರ್ಕದಿಂದ. ಸೋಂಕಿರುವವರಲ್ಲಿ ಬಹುತೇಕರಿಗೆ ನೋವಾಗಲಿ, ಗಾಯವಾಗಲಿ ಇರುವುದಿಲ್ಲವಾದ್ದರಿಂದ ತಮ್ಮಿಂದ ಸಂಗಾತಿಗೆ ದಾಟಿದ್ದು ಅವರ ಗಮನಕ್ಕೇ ಬರುವುದಿಲ್ಲ. ಹತ್ತರಲ್ಲಿ ಸುಮಾರು ಒಂಬತ್ತು ಸೋಂಕುಗಳು 2 ವರ್ಷಗಳೊಳಗೆ ತಾವಾಗಿಯೇ ಕಡಿಮೆಯಾಗುತ್ತವೆ. ಕೆಲವು ಸೋಂಕುಗಳು ವರ್ಷಗಟ್ಟಲೆ ಪತ್ತೆಗೆ ಸಿಗದಷ್ಟು ಕ್ಷೀಣವಾಗಿದ್ದು, ಮುಂದೊಂದು ದಿನ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು. ಆದ್ದರಿಂದ ಇಂದಿನ ವರದಿ ಮದುವೆಗೆ ಮುಂಚಿನ ಸೋಂಕಿನದೋ ಈಚಿನದೋ, ಯಾರಿಂದ ಯಾರಿಗೆ ಬಂದದ್ದೋ ಎಂದು ಯಾವ ವೈದ್ಯರೂ ಹೇಳಲಾರರು. ಅದನ್ನು ದಾಂಪತ್ಯದ್ರೋಹದ ಸಾಕ್ಷಿಯಾಗಿ ಓದುವುದು ತಪ್ಪು ಎಂದು ಆ ಮನೆಯವರಿಗೆ ನೇರವಾಗಿಯೇ ಹೇಳಿ.

ಪುರುಷರಿಗೆ ವಾಡಿಕೆಯ ಎಚ್‌ಪಿವಿ ಪರೀಕ್ಷೆ ಇಲ್ಲ. ಪತಿಗೆ ಜನನಾಂಗದಲ್ಲಿ ನರಹುಲಿಯೋ ವಾಸಿಯಾಗದ ಹುಣ್ಣೋ ಇದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಉತ್ತರ 2:
ಮೇಲಿನ ಮಾತಿಗೆ ಹಳ್ಳಿಗಳ ಸ್ಥಿತಿಯನ್ನು ಸೇರಿಸುತ್ತೇನೆ. ಸಂಗಾತಿಗಳ ಸಂಖ್ಯೆ ಕಡಿಮೆಯಿದ್ದಲ್ಲಿ ಈ ವೈರಸ್ ಇರದೆಂಬ ನಂಬಿಕೆ ಸಾಮಾನ್ಯ. ಆದರೆ ಜೀವನದಲ್ಲಿ ಒಬ್ಬನೇ ಸಂಗಾತಿಯಿದ್ದ ಹೆಣ್ಣಿಗೂ, ಆ ಸಂಗಾತಿಗೆ ಹಿಂದೆ ಇನ್ನೊಬ್ಬರ ಸಂಪರ್ಕವಿದ್ದರೆ, ಸೋಂಕು ತಗಲಬಹುದು. ದುಡಿಮೆಗೆ ಹೋದವರನ್ನಷ್ಟೇ ದೂರುವುದೂ ಸರಿಯಲ್ಲ. ಊರಲ್ಲೇ ಇರುವವರ ನಡುವೆಯೂ ಇದು ಹರಡುತ್ತದೆ. ನನ್ನ ದೃಷ್ಟಿಯಲ್ಲಿ ಹಳ್ಳಿಯ ನಿಜವಾದ ತೊಂದರೆ ಸೋಂಕಿಗಿಂತ ತಪಾಸಣೆಯ ಕೊರತೆ. ಈ ವೈರಸ್‌ನ ಹಲವು ಬಗೆಗಳಲ್ಲಿ 16 ಮತ್ತು 18ನೇ ಬಗೆಗಳೇ ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 70ಕ್ಕೆ ಕಾರಣವಾದರೂ, ಉಳಿದುಕೊಂಡ ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಎಚ್‌ಐವಿಗೆ ಚಿಕಿತ್ಸೆಯಿಲ್ಲದವರಲ್ಲಿ ಈ ಅವಧಿ ಇನ್ನೂ ಕಡಿಮೆ. ಅಷ್ಟು ದೀರ್ಘ ಅವಧಿಯಲ್ಲಿ ಒಮ್ಮೆಯೂ ತಪಾಸಣೆಯಾಗದೆ ಹೋಗುವುದೇ ಜೀವಕ್ಕೆ ಎರವಾಗುತ್ತಿದೆ.

ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ, ಏಕೆಂದರೆ ಅದು ಮುಚ್ಚದ ಚರ್ಮದಲ್ಲಿಯೂ ವೈರಸ್ ಇರಬಹುದು. ಆದರೂ ಇತರ ಲೈಂಗಿಕ ಸೋಂಕುಗಳ ದೃಷ್ಟಿಯಿಂದ ಬಳಕೆಯನ್ನು ಬಿಡಿಸಬೇಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಆ ಮಹಿಳೆಗೆ ಈಗ ಮಾಡಬೇಕಾದದ್ದೇನು? ಅವರಿಗೆ ಹದಿಹರೆಯಕ್ಕೆ ಕಾಲಿಡುತ್ತಿರುವ ಮಗಳೂ ಇದ್ದಾಳೆ.

ಉತ್ತರ 3:
ಪಾಸಿಟಿವ್ ಎಂದರೆ ಕ್ಯಾನ್ಸರ್ ಎಂದಲ್ಲ. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ತಿಳಿ ದ್ರಾವಣವನ್ನು ಸವರಿ ನೋಡುವ ಪರೀಕ್ಷೆಯನ್ನೋ, ಲಭ್ಯವಿದ್ದರೆ ಕಾಲ್ಪೋಸ್ಕೋಪಿಯನ್ನೋ (ಗರ್ಭಕಂಠವನ್ನು ಉಪಕರಣದಿಂದ ಹಿಗ್ಗಿಸಿ ನೋಡುವ ಪರೀಕ್ಷೆ) ಮಾಡಿಸಿ. ದ್ರಾವಣ ತಗಲಿ ಬಿಳಿಚಿದ ಭಾಗ ಸಂಶಯಾಸ್ಪದವಾಗಿದ್ದರೆ ಕ್ಯಾನ್ಸರ್ ಆಗುವ ಮೊದಲೇ ಅದನ್ನು ತೆಗೆಯಬಹುದು. ಏನೂ ಕಾಣದಿದ್ದರೆ 24 ತಿಂಗಳಿಗೆ ಮತ್ತೆ ಎಚ್‌ಪಿವಿ ಪರೀಕ್ಷೆ ಮಾಡಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ. ಆ ದಿನಾಂಕವನ್ನು ನಿಮ್ಮ ದಾಖಲೆಯಲ್ಲಿಯೂ ಬರೆದಿಟ್ಟುಕೊಳ್ಳಿ. ಒಳಪರೀಕ್ಷೆಗೆ ಸಂಕೋಚಪಡುವವರಿಗೆ ಸ್ವತಃ ಮಾದರಿ ತೆಗೆದುಕೊಡುವ ಕಿಟ್‌ಗಳೂ ಇವೆ.

ಎಚ್‌ಪಿವಿ ಲಸಿಕೆಯು ಈಗಾಗಲೇ ಇರುವ ಸೋಂಕನ್ನು ಗುಣಪಡಿಸುವುದಿಲ್ಲ. ಮಗಳಿಗಾದರೆ 9ರಿಂದ 14ರ ವಯಸ್ಸೇ ಸೂಕ್ತ. ವರದಿಯನ್ನು ಇನ್ನು ಮುಂದೆ ಪರೀಕ್ಷೆ ಮಾಡಿಸಿಕೊಂಡ ಮಹಿಳೆಯ ಕೈಗೇ ಕೊಟ್ಟು ಖಾಸಗಿಯಾಗಿ ವಿವರಿಸಿ. ಮನೆಯವರಿಗೆ ಹೇಳಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸಲಿ.