ಪದಚರ್ಚೆ: ‘ಶೂನ್ಯ ಕರಾರು’ ಆಯಿತು, ಇನ್ನೊಂದಕ್ಕೆ ಏನನ್ನೋಣ? (ನಾಳೆಯೇ ಬೇಕು)

ಎಲ್ಲರಿಗೂ ನಮಸ್ಕಾರ.

ಸೈಟು, ಜಮೀನು ಕೊಳ್ಳುವವರಿಗಾಗಿ ನಾಲ್ಕು ಪುಟದ ಕರಪತ್ರ ಮಾಡುತ್ತಿದ್ದೇವೆ. ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಹೋಗಬೇಕು. ಓದುವವರು ಸ್ವಸಹಾಯ ಸಂಘದ ಹೆಂಗಸರು, ಸಣ್ಣ ರೈತರು. ವಕೀಲರಲ್ಲ.

1872ರ ಕರಾರು ಕಾಯ್ದೆಯಲ್ಲಿ ಎರಡು ಬಗೆ ಬರುತ್ತದಲ್ಲ, ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು, ಕಾನೂನಿನ ಲೆಕ್ಕಕ್ಕೇ ಬಾರದ್ದು. ಇಬ್ಬರೂ ಮುಖ್ಯ ಸಂಗತಿಯನ್ನೇ ತಪ್ಪು ತಿಳಿದು ಒಪ್ಪಿದ್ದರೆ ಹೀಗಾಗುತ್ತದೆ. ಇನ್ನೊಂದು, ಸದ್ಯಕ್ಕೆ ಗಟ್ಟಿಯಾಗಿಯೇ ಇರುತ್ತದೆ. ಮೋಸಹೋದವರು ಬೇಡ ಅಂದರೆ ಬೀಳುತ್ತದೆ. ಮೊದಲನೆಯದಕ್ಕೆ ‘ಶೂನ್ಯ ಕರಾರು’ ಅಂತ ಹಾಕಿದ್ದೇನೆ. ಎರಡನೆಯದಕ್ಕೆ ನಮ್ಮ ಹಳೆಯ ಕರಡಿನಲ್ಲಿ ‘ಶೂನ್ಯೀಕರಣೀಯ’ ಅಂತಿದೆ. ಆಫೀಸಿನಲ್ಲಿ ಗಟ್ಟಿಯಾಗಿ ಓದಿಸಿದೆ, ಒಬ್ಬರಿಗೂ ನಾಲಿಗೆ ಹೊರಳಲಿಲ್ಲ. ಬೇರೆ ಪದ ಇದೆಯೇ?

ಜೊತೆಗೆ, ‘ತಪ್ಪು’ ಅನ್ನೋದು ಮೂರು ಕಡೆ ಬಂದು ಕುಳಿತಿದೆ. ತಪ್ಪು ತಿಳಿವಳಿಕೆ, ತಪ್ಪು ಮಾಹಿತಿ, ತಪ್ಪು ಮಾಡಿದವರು. ಓದುವವರಿಗೆ ಮೂರೂ ಒಂದೇ ಅನಿಸುತ್ತದೆ. ಏನು ಮಾಡಲಿ?

— ಶಿವಮೊಗ್ಗದಿಂದ

> ‘ಶೂನ್ಯೀಕರಣೀಯ’ ಅಂತಿದೆ

ಮೇಡಂ, ನಾಲಿಗೆಯ ಮಾತು ಆಮೇಲೆ. ಪದವೇ ಸರಿಯಿಲ್ಲ. ‘-ಅನೀಯ’ ಹತ್ತಿದರೆ ಕನ್ನಡದ ಕಿವಿಗೆ ‘ಮಾಡತಕ್ಕ’ ಎಂದೇ ಕೇಳುತ್ತದೆ. ಪೂಜನೀಯರನ್ನು ಪೂಜಿಸಬೇಕು, ಖಂಡನೀಯವನ್ನು ಖಂಡಿಸಬೇಕು. ಹಾಗಾದರೆ ಇದನ್ನೂ ಶೂನ್ಯ ಮಾಡಲೇಬೇಕು ಎಂದಾಯಿತು. ನಿಮಗೆ ಬೇಕಿರುವುದು ಅದಲ್ಲ. ‘ಶೂನ್ಯಗೊಳಿಸಬಹುದಾದ’ ಅನ್ನಿರಿ, ಮುಗೀತು.

ಈ ‘ಬಹುದು’ ಇದೆಯಲ್ಲ, ಇದು ‘ಬರು’ ಧಾತುವಿನದು. ಬರ್ಪುದು, ಬಪ್ಪುದು, ಬಹುದು. ಅಪ್ಪುದು ಹೋಗಿ ಅಹುದು ಆಗಲಿಲ್ಲವೇ, ಹಾಗೆ. ‘ಮಾಡಬಹುದು’ ಅಂದರೆ ಮೂಲದಲ್ಲಿ ‘ಮಾಡಲು ಬರುತ್ತದೆ’. ನಮ್ಮ ಕಡೆ ಈಗಲೂ ‘ಹಂಗ ಮಾಡಾಕ ಬರೂದಿಲ್ಲ’ ಅಂತಾರೆ. ಇಂಥದ್ದನ್ನು ಮನೆಯಲ್ಲಿಟ್ಟುಕೊಂಡು ‘ಅನೀಯ’ದ ಬಾಗಿಲಿಗೆ ಸಾಲಕ್ಕೆ ಹೋಗುವುದೇಕೆ?

— ಧಾರವಾಡದಿಂದ

ವಿಷಯದ ಸಾಲಿನಲ್ಲೇ ಎಡವಟ್ಟಿದೆ. ‘ಶೂನ್ಯ ಕರಾರು’ ಅನ್ನಬೇಡಿ. ಕಾನೂನು ಜಾರಿ ಮಾಡಿಕೊಡುವ ಒಪ್ಪಂದಕ್ಕೆ ಮಾತ್ರ ಕರಾರು ಎಂಬ ಹೆಸರು. ಕಲಂ 2 ಓದಿ. ಶೂನ್ಯವಾದದ್ದು ಒಪ್ಪಂದ, ಅದು ಕರಾರು ಆಗಲೇ ಇಲ್ಲ. ಇನ್ನೊಂದು ಬಗೆಯದು ಕರಾರೇ, ಯಾರೂ ಅಲ್ಲಾಡಿಸುವ ತನಕ. (ಕರಾರಾಗಿ ಹುಟ್ಟಿ ಆಮೇಲೆ ಶೂನ್ಯವಾಗುವುದೂ ಉಂಟು. ನಿಮ್ಮ ನಾಲ್ಕು ಪುಟಕ್ಕೆ ಅದು ಬೇಡ.)

ಪದಕ್ಕಿಂತ ಮೊದಲು ಯಾವುದು ಎಲ್ಲಿಗೆ ಸೇರುತ್ತದೆ ನೋಡಿಕೊಳ್ಳಿ. ಕಲಂ 20ರಲ್ಲಿ ಇಬ್ಬರದೂ ತಪ್ಪು ತಿಳಿವಳಿಕೆ. ಕಾಯ್ದೆಯೇ ಕೊಡುವ ಉದಾಹರಣೆ: ವ್ಯಾಪಾರ ಕುದುರುವ ಹೊತ್ತಿಗೆ ಕುದುರೆ ಸತ್ತಿತ್ತು, ಇಬ್ಬರಿಗೂ ಗೊತ್ತಿಲ್ಲ. ಶೂನ್ಯ. ಆದರೆ ಬೆಲೆಯ ಅಂದಾಜು ತಪ್ಪಿದ್ದು ಇಲ್ಲಿ ಲೆಕ್ಕಕ್ಕಿಲ್ಲ. ‘ಜಾಸ್ತಿ ಬಾಳುತ್ತೆ ಅಂದುಕೊಂಡಿದ್ದೆ’ ಅಂತ ಆಮೇಲೆ ಅತ್ತರೆ ಯಾರೂ ಕೇಳುವುದಿಲ್ಲ. ಕಲಂ 22ರಂತೆ ಒಬ್ಬರೇ ತಪ್ಪು ತಿಳಿದಿದ್ದರೆ ಅಷ್ಟಕ್ಕೇ ಕರಾರು ಬೀಳುವುದಿಲ್ಲ. ನನ್ನ ಕಕ್ಷಿದಾರರು ಇದನ್ನು ನಂಬುವುದೇ ಇಲ್ಲ.

ಕಲಂ 17 ಮೋಸ. ಸುಳ್ಳು ಅಂತ ಗೊತ್ತಿದ್ದೇ ಹೇಳುವುದು, ಬೇಕಂತಲೇ ಮುಚ್ಚಿಡುವುದು. ಕಲಂ 18ರಲ್ಲಿ ಹೇಳಿದವನೂ ಅದು ನಿಜವೆಂದೇ ನಂಬಿರುತ್ತಾನೆ. ಆದ್ದರಿಂದ ಅಲ್ಲಿ ‘ಸುಳ್ಳು’ ಹಾಕಬೇಡಿ, ‘ತಪ್ಪು ಮಾಹಿತಿ’ ಸಾಕು. ಎರಡರಲ್ಲೂ ಕಲಂ 19 ನಂಬಿ ಒಪ್ಪಿದವರಿಗೆ ರದ್ದು ಮಾಡುವ ಹಕ್ಕು ಕೊಡುತ್ತದೆ. ಒಂದು ಕೊಕ್ಕೆ ಇದೆ. ತಪ್ಪು ಮಾಹಿತಿಯಾಗಿದ್ದರೆ, ಇಲ್ಲವೇ ಬಾಯಿ ಮುಚ್ಚಿಕೊಂಡು ಮಾಡಿದ ಮೋಸವಾಗಿದ್ದರೆ, ಸಾಮಾನ್ಯ ಎಚ್ಚರದಿಂದ ನಿಜ ಕಂಡುಕೊಳ್ಳುವ ದಾರಿಯಿದ್ದವರಿಗೆ ಆ ಹಕ್ಕಿಲ್ಲ. ಬಾಯಿಬಿಟ್ಟು ಹೇಳಿದ ಸುಳ್ಳಿಗೆ ಈ ಕೊಕ್ಕೆ ಹತ್ತುವುದಿಲ್ಲ. ‘ಇ.ಸಿ. (ಆಸ್ತಿಯ ಋಣಭಾರ ಪತ್ರ), ಪಹಣಿ ನೋಡದೆ ಸಹಿ ಹಾಕಬೇಡಿ’ ಅಂತ ದಪ್ಪಕ್ಷರದಲ್ಲಿ ಹಾಕಿ.

ಮಾಸ್ತರೇ, ನಿಮ್ಮ ‘ಶೂನ್ಯಗೊಳಿಸಬಹುದಾದ’ದಲ್ಲಿ ‘ಯಾರು’ ಎನ್ನುವುದೇ ಇಲ್ಲ. ಮೋಸ ಮಾಡಿದವನೇ ಬಂದು ‘ಬಹುದು ಅಂತಿದೆಯಲ್ಲ, ನಾನೇ ಶೂನ್ಯ ಮಾಡ್ತೀನಿ’ ಅಂದರೆ? ಜಮೀನಿನ ರೇಟು ಏರಿದಾಗ ಹಾಗನ್ನುವವರು ಇದ್ದಾರೆ.

— ತುಮಕೂರಿನಿಂದ

ಶೂನ್ಯ, ಕರಾರು, ರದ್ದು. ಒಂದು ಸಂಸ್ಕ್ರುತ, ಎರಡು ಅರಬ್ಬಿ. ಇದು ಕನ್ನಡದ ಓಲೆಯಂತೆ!

‘ಬರಿದೊಪ್ಪಂದ’, ‘ಮುರಿಯಬಲ್ಲ ಒಪ್ಪಂದ’ ಅನ್ನಿ. ತಪ್ಪು ತಿಳಿದು ಒಪ್ಪಿದ್ದಕ್ಕೆ ‘ತಪ್ಪೊಪ್ಪಿಗೆ’. ಹಳ್ಳಿಯವರಿಗೆ ಕೂಡಲೇ ಅರ್ತ ಆಗುತ್ತೆ.

— ಬೆಂಗಳೂರಿನಿಂದ

‘ಅರ್ಥ’ದ ಮಹಾಪ್ರಾಣ ತೆಗೆದಿರಿ, ಸರಿ. ಈಗ ಅರ್ಥವನ್ನೂ ತೆಗೆಯುತ್ತಿದ್ದೀರಿ.

‘ತಪ್ಪೊಪ್ಪಿಗೆ’ ಅಂದರೆ ಪೊಲೀಸರ ಮುಂದೆ ಕೊಡುವಂಥದ್ದು. ಸೈಟು ಕೊಂಡಾಕೆ ತಪ್ಪೊಪ್ಪಿಗೆ ಕೊಟ್ಟಳು ಅಂತ ಓದಿದರೆ ಊರವರು ಜಾಮೀನಿಗೆ ಓಡುತ್ತಾರೆ. ‘ಮುರಿಯಬಲ್ಲ ಒಪ್ಪಂದ’ದಲ್ಲಿ ಮುರಿಯುವ ಬಲ ಒಪ್ಪಂದದ್ದೇ ಆಯಿತು. ಅದು ಏನನ್ನು ಮುರಿಯುತ್ತದೆ, ಸೊಂಟವನ್ನೇ?

— ಧಾರವಾಡದಿಂದ

‘ಅನೂರ್ಜಿತ’, ‘ಅಸಿಂಧು’ ಎರಡನ್ನೂ ಯಾರೂ ಎತ್ತಲಿಲ್ಲ. ಶಾಸಕರ ಆಯ್ಕೆ ಅಸಿಂಧು ಅಂತ ಪೇಪರಿನಲ್ಲಿ ದಿನವೂ ಓದುತ್ತೇವಲ್ಲ?

— ಮಂಗಳೂರಿನಿಂದ

ಆಯ್ಕೆಯನ್ನು ಅಸಿಂಧು ಅಂತ ಕೋರ್ಟು ಹೇಳಿದ ಮೇಲೆ ಅದು ಅಸಿಂಧು. ಇಲ್ಲಿ ಮೊದಲನೆಯದು ಯಾರೂ ಹೇಳದಿದ್ದರೂ ಶೂನ್ಯ. ಬೇಡ.

‘ಮುರಿ’ ಅಂತೂ ಖಂಡಿತ ಬೇಡ. ಒಪ್ಪಂದ ಮುರಿದವನು ನಷ್ಟ ತುಂಬಿಕೊಡಬೇಕು, ಕಲಂ 73. ರದ್ದು ಮಾಡಿದವರು ಯಾವ ತಪ್ಪನ್ನೂ ಮಾಡಿಲ್ಲ. ಆ ಕರಾರಿನಿಂದ ಪಡೆದದ್ದನ್ನು ವಾಪಸ್ ಕೊಟ್ಟರಾಯಿತು, ಕಲಂ 64. ಮೋಸಹೋದವಳನ್ನೇ ‘ಮುರಿದವಳು’ ಮಾಡುವ ಪದ ಎಷ್ಟು ಅಚ್ಚಗನ್ನಡವಾದರೆ ಏನು ಬಂತು?

— ತುಮಕೂರಿನಿಂದ

ಎಲ್ಲರಿಗೂ ಥ್ಯಾಂಕ್ಸ್. ಒಂದೇ ಪದದಲ್ಲಿ ಹೇಳುವ ಆಸೆ ಬಿಟ್ಟೆ. ಹೀಗೆ ಬರೆದಿದ್ದೇನೆ:

‘ಇಬ್ಬರೂ ಮುಖ್ಯ ಸಂಗತಿಯನ್ನೇ ತಪ್ಪು ತಿಳಿದು ಮಾಡಿಕೊಂಡ ಒಪ್ಪಂದ ಶೂನ್ಯ. ಕಾನೂನು ಅದನ್ನು ನಡೆಸಿಕೊಡುವುದಿಲ್ಲ. ಮೋಸದಿಂದಲೋ ತಪ್ಪು ಮಾಹಿತಿಯಿಂದಲೋ ನಿಮ್ಮನ್ನು ಒಪ್ಪಿಸಿದ್ದರೆ, ಕರಾರು ಉಳಿಸಿಕೊಳ್ಳುವುದೂ ರದ್ದು ಮಾಡುವುದೂ ನಿಮ್ಮ ಇಷ್ಟ. ಒಪ್ಪಿಸಿದವರಿಗೆ ಆ ಹಕ್ಕಿಲ್ಲ.’

ಮೂರನೆಯ ‘ತಪ್ಪು ಮಾಡಿದವರು’ ತೆಗೆದು ‘ಒಪ್ಪಿಸಿದವರು’ ಹಾಕಿದೆ. ಕೊಕ್ಕೆಯ ಮಾತು ಅದರ ಕೆಳಗೇ ದಪ್ಪಕ್ಷರದಲ್ಲಿದೆ. ವಕೀಲರೇ, ಇಷ್ಟು ಸಾಕಾ?

— ಶಿವಮೊಗ್ಗದಿಂದ

ಸಾಕು. ರಿಜಿಸ್ಟರ್ ಆದ ಪತ್ರವಾಗಿದ್ದರೆ ರದ್ದಿಗೆ ಒಪ್ಪದವನ ಮೇಲೆ ದಾವೆ ಹಾಕಬೇಕಾಗುತ್ತದೆ. ಮೋಸ ಗೊತ್ತಾದ ದಿನದಿಂದ ಮೂರು ವರ್ಷ ಗಡುವು, 1963ರ ಕಾಲಮಿತಿ ಕಾಯ್ದೆ. ಜಾಗವಿದ್ದರೆ ಅದೊಂದು ಸಾಲು ಸೇರಿಸಿ.

— ತುಮಕೂರಿನಿಂದ

‘ರದ್ದು’ ಹಾಗೇ ಉಳಿಯಿತು. ‘ಕಯ್ಬಿಡುವುದು’ ಅನ್ನಲು ಏನು ಕಶ್ಟ?

— ಬೆಂಗಳೂರಿನಿಂದ

ಕೈಬಿಟ್ಟರೆ ಹಕ್ಕನ್ನೇ ಬಿಟ್ಟ ಹಾಗೆ ಕೇಳುತ್ತದೆ. ನಿಮಗೆ ಅರಬ್ಬಿ ಬೇಡವಾದರೆ ಸಹಿಯನ್ನೂ ಬಿಡಿರಿ, ಕಾಯ್ದೆಯನ್ನೂ ಬಿಡಿರಿ. ಜಮೀನು ಪಾರಸಿ, ಅದನ್ನೂ ಬಿಡಿರಿ. ಪಹಣಿ ಮರಾಠಿ. ಪಾಹಣೆ ಅಂದರೆ ನೋಡುವುದು. ಎಲ್ಲ ಬಿಟ್ಟ ಮೇಲೆ ಕೊಳ್ಳಲಿಕ್ಕೆ ಏನು ಉಳಿಯಿತು, ನೀವೇ ಹೇಳಿರಿ.

— ಧಾರವಾಡದಿಂದ

ನೆಲ ಉಳಿಯಿತು, ಹೊಲ ಉಳಿಯಿತು. ಪಹಣಿಗೆ ಬೇರೆ ಎಳೆ ತೆರೆಯುತ್ತೇನೆ.

— ಬೆಂಗಳೂರಿನಿಂದ